ಬೀಜ ಮಾಗದ ವರ್ಷ

ಒಂದು ಹಣ್ಣು ಬಾಯಿಗೆ ಹಾಕಿಕೊಂಡು, ರಸವನ್ನು ನಾಲಿಗೆಯ ಮೇಲೆ ಹೊರಳಿಸಿ ನುಂಗಿ, ಸಿಪ್ಪೆಯನ್ನು ಮುಂದಿನ ಹಲ್ಲುಗಳಲ್ಲಿ ಸವೆಸಿ, ಬೀಜವನ್ನು ಅಂಗೈಗೆ ಉಗುಳಿ ಬಣ್ಣ ನೋಡಿ, ಮತ್ತೆ ಅದನ್ನು ಬಾಯಿಗೆ ಹಾಕಿಕೊಂಡು ಕಟಕ್ಕೆಂದು ಕಚ್ಚುವುದು. ಇಷ್ಟಕ್ಕೆ ಮೇಸ್ತ್ರಮ್ಮನಿಗೆ ಒಲೆಯ ಮೇಲಿನ ಹಾಲು ಉಕ್ಕಿ ಬರುವಷ್ಟು ಹೊತ್ತೂ ಬೇಕಾಗುತ್ತಿರಲಿಲ್ಲ. ಬೀಜ ಹಸಿ ಕಡ್ಡಿಯ ಹಾಗೆ ಒಗರಾಗಿ ನಾಲಿಗೆಯನ್ನು ಹಿಡಿದುಕೊಂಡರೆ ಕೊಯ್ಲಿಗೆ ಇನ್ನೂ ಸಮಯವಿದೆ ಎಂದರ್ಥ. ಹುರಿದ ಕಾಳಿನ ಹಾಗೆ ಪುಡಿಯಾದರೆ ಆಯಿತು.

"ನಾಲ್ಕು ದಿನ," ಅನ್ನುತ್ತಿದ್ದಳು. ಇಲ್ಲವೇ, "ಕೆಳಗಿನದು ನಾಳೆ, ಮೇಲಿನದು ಭಾನುವಾರ." ಹೇಳಿ ಸೌಟಿನ ಕಡೆ ತಿರುಗಿಬಿಡುತ್ತಿದ್ದಳು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಗಂಡ ಚಪ್ಪಲಿ ಮೆಟ್ಟಿ ಮಾಲೀಕನ ಕಚೇರಿಗೆ ಹೋಗಿ ಅದನ್ನೇ ಹೇಳುತ್ತಿದ್ದ. "ನಾಲ್ಕು ದಿನ ಸರ್."

ಹೀಗೆ ಇಪ್ಪತ್ತಾರು ವರ್ಷ.

ಅವನು ವೈನ್ ತಯಾರಿಸುವವರ ದ್ರಾಕ್ಷಿ ತೋಟದ ಮೇಸ್ತ್ರಿ. ಆ ಕಾರಣಕ್ಕೆ ಅವಳು ಮೇಸ್ತ್ರಮ್ಮ. ಅವಳಿಗೆ ಬೇರೆ ಹೆಸರೊಂದು ಇದ್ದದ್ದು ಮತದಾರರ ಪಟ್ಟಿಗೆ ಮಾತ್ರ ಗೊತ್ತಿತ್ತು. ಮದುವೆಯಾಗಿ ಬಂದಾಗ ಹತ್ತೊಂಬತ್ತು ವರ್ಷ. ತೋಟದ ಅಂಚಿನಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಯ ಕಿಟಕಿ ತೆಗೆದರೆ ಎದುರಿಗೇ ಬಳ್ಳಿಗಳ ಸಾಲು. ಮೊದಲ ಕೊಯ್ಲಿನ ಹೊತ್ತಿನಲ್ಲಿ ಗಂಡನಿಗೆ ಊಟದ ಡಬ್ಬಿ ಒಯ್ದವಳು, ಅವನು ಉಂಡು ಮುಗಿಸುವವರೆಗೆ ಕೈಕಟ್ಟಿ ಕೂರಲಾರದೆ ಒಂದು ಗೊಂಚಲು ಕಿತ್ತು ತಿನ್ನತೊಡಗಿದಳು. ತಿನ್ನುವ ದ್ರಾಕ್ಷಿಯಲ್ಲ ಅದು. ಸಣ್ಣದು, ಕಪ್ಪನೆಯದು, ಸಿಪ್ಪೆ ದಪ್ಪ, ತಿರುಳಿಗಿಂತ ಬೀಜವೇ ಜಾಸ್ತಿ. ಎಲ್ಲರೂ ಬೀಜ ಉಗುಳುತ್ತಾರೆ. ಅವಳು ಅಗಿದಳು. ತವರಿನಲ್ಲಿ ಬಾಯಿಗೆ ಬಂದದ್ದನ್ನು ಉಗುಳಿ ಅಭ್ಯಾಸವಿರಲಿಲ್ಲ.

"ಇದಿನ್ನೂ ಆಗಿಲ್ಲ," ಅಂದಳು.

ಮೇಸ್ತ್ರಿ ಜೇಬಿನಿಂದ ಒಂದು ಕೊಳವೆ ತೆಗೆದ. ಅದರ ಗಾಜಿನ ಮೇಲೆ ಒಂದು ಹನಿ ರಸ ಬಿಟ್ಟು ಬೆಳಕಿಗೆ ಹಿಡಿದು ನೋಡಿದರೆ, ಹಣ್ಣಿನಲ್ಲಿ ಸಕ್ಕರೆ ಎಷ್ಟಿದೆಯೆಂದು ಒಳಗಿನ ಗೆರೆ ತೋರಿಸುತ್ತದೆ. "ನೋಡು, ಗೆರೆ ಎಲ್ಲಿಗೆ ಬಂದಿದೆ! ಇದು ನಿನ್ನ ಅಡುಗೆಮನೆ ಲೆಕ್ಕ ಅಲ್ಲ."

"ಸಕ್ಕರೆ ಆಗಿದೆ. ಬೀಜ ಆಗಿಲ್ಲ."

"ಬೀಜ ಯಾರೇ ಕುಡೀತಾರೆ?"

ಬೀಜವನ್ನು ಯಾರೂ ಕುಡಿಯುವುದಿಲ್ಲ ನಿಜ. ಆದರೆ ಸಿಪ್ಪೆ, ಬೀಜ ಎಲ್ಲದರ ಜೊತೆಗೇ ರಸ ಹುದುಗುತ್ತದೆ. ಆ ವರ್ಷದ ವೈನು ಕುಡಿದವರ ನಾಲಿಗೆಯನ್ನು ಗಾರೆಯ ಹಾಗೆ ಹಿಡಿಯಿತು. ಆಗ ತೋಟ ನೋಡಿಕೊಳ್ಳುತ್ತಿದ್ದ ಹಿರಿಯ ಮಾಲೀಕ ಮೇಸ್ತ್ರಿಯನ್ನು ಎಲ್ಲರೆದುರು ಉಗಿದ. ಮರುವರ್ಷ ಮೇಸ್ತ್ರಿ ನಾಲ್ಕು ಡಬ್ಬಿಗಳ ಮುಚ್ಚಳದಲ್ಲಿ ನಾಲ್ಕು ತುಂಡು ಭೂಮಿಯ ಹಣ್ಣು ಹಾಕಿಕೊಂಡು ಹಿಂಬಾಗಿಲಿನಿಂದ ಅಡುಗೆಮನೆಗೆ ಬಂದ. "ಸುಮ್ನೆ ನೋಡು ಒಂದ್ಸಲ. ತಮಾಷೆಗೆ."

ಆ ತಮಾಷೆಯೇ ಆಮೇಲೆ ಪದ್ಧತಿಯಾಯಿತು. ಹಣ್ಣು ಬಣ್ಣ ತಿರುಗಿದ ಮೇಲೆ ದಿನಾ ಬೆಳಗ್ಗೆ ಮುಚ್ಚಳಗಳು ಬರುತ್ತಿದ್ದವು. ಮಗಳು ನಡೆಯುವ ಹಾಗಾದ ಮೇಲೆ ಅವಳ ಕೈಯಲ್ಲೇ ಬರುತ್ತಿದ್ದವು. ಮಾಲೀಕ ಏನಾದರೂ ಕೇಳಿದರೆ ಮೇಸ್ತ್ರಿ ಕೂಡಲೇ ಉತ್ತರ ಕೊಡುತ್ತಿರಲಿಲ್ಲ. ಹಣ್ಣನ್ನು ಬೆರಳಲ್ಲಿ ಹಿಚುಕಿ, ಮೂಸಿ, ಆಕಾಶ ನೋಡಿ, "ನಾಳೆ ಹೇಳ್ತೀನಿ ಸರ್" ಅನ್ನುತ್ತಿದ್ದ. ಅವನ ಆ ಗಾಂಭೀರ್ಯದ ಮೇಲೆ ಮಾಲೀಕರಿಗೆ ಬಲು ನಂಬಿಕೆ. ತೋಟದ ವೈನಿಗೆ ಬಹುಮಾನ ಬರತೊಡಗಿತು. ಬಾಟಲಿಯ ಹಿಂಬದಿಯ ಚೀಟಿಯಲ್ಲಿ, ಕೊಯ್ಲಿನ ದಿನ ಗೊತ್ತುಮಾಡಿದವರು ಎಂದು ಮೇಸ್ತ್ರಿಯ ಹೆಸರು ಅಚ್ಚಾಗತೊಡಗಿತು. ಮನೆಯ ಕಪಾಟಿನಲ್ಲಿ ಅಂಥ ಬಾಟಲಿಗಳು ಸಾಲಾಗಿ ನಿಂತವು. ಚೀಟಿ ಮಾಸದ ಹಾಗೆ ಒದ್ದೆ ಬಟ್ಟೆಯ ಬದಲು ಒಣ ಬಟ್ಟೆಯಲ್ಲಿ ವಾರಕ್ಕೊಮ್ಮೆ ಒರೆಸುತ್ತಿದ್ದವಳು ಅವಳು.

ಕೊಯ್ಲಿನ ದಿನಗಳಲ್ಲಿ ಮೂವತ್ತು ಜನಕ್ಕೆ ಅಡುಗೆಯೂ ಅವಳದೇ. ಬೆಳಗ್ಗೆ ನಾಲ್ಕಕ್ಕೆ ಎದ್ದು ಕಾಳು ಬೇಯಲು ಇಟ್ಟು, ಹಿಟ್ಟು ಕಲಸಿ, ಆಲೂಗಡ್ಡೆ ಹೆಚ್ಚಿ, ಸಂಜೆ ಮೂವತ್ತು ತಟ್ಟೆ ತೊಳೆದು, ಗಂಡನ ಅಂಗಿಯ ದ್ರಾಕ್ಷಿ ಕಲೆಯನ್ನು ಕುದಿನೀರು ಹಾಕಿ ತಿಕ್ಕುವಾಗ ಬೆರಳ ತುದಿಗಳು ಸುಲಿದು ಹೋಗುತ್ತಿದ್ದವು. ಅದಕ್ಕೆ ಸಂಬಳವಿದೆಯೇ ಎಂದು ಯಾರೂ ಕೇಳಿರಲಿಲ್ಲ. ಹೇಗೂ ಮನೆಯಲ್ಲೇ ಇರುವವಳು. ಹಣ್ಣಿನ ಹುಳಿಗೆ ಹಲ್ಲು ಸವೆದು, ತಣ್ಣೀರು ಕುಡಿದರೆ ಜುಮ್ಮೆನ್ನುವ ಹಾಗಾದಾಗ ದಂತವೈದ್ಯೆ ಕೇಳಿದಳು: "ಇಷ್ಟೊಂದು ಹುಳಿ ಏನಮ್ಮ ತಿಂತೀರಾ?"

ಪಕ್ಕದಲ್ಲಿ ಕೂತಿದ್ದ ಮೇಸ್ತ್ರಿ ಹೇಳಿದ: "ಇವಳಿಗೆ ಬಾಯಿ ಚಪಲ ಡಾಕ್ಟ್ರೇ."

ವೈದ್ಯೆ ನಕ್ಕಳು. ಬಾಯಿ ತೆರೆದುಕೊಂಡು ಮಲಗಿದ್ದ ಮೇಸ್ತ್ರಮ್ಮನಿಗೆ ನಗಲೂ ಆಗಲಿಲ್ಲ, ಮಾತಾಡಲೂ ಆಗಲಿಲ್ಲ.

ಇಪ್ಪತ್ತೇಳನೆಯ ವರ್ಷ, ಬಳ್ಳಿಗಳ ಕೊಂಬೆ ಕತ್ತರಿಸುವ ಕೆಲಸ ಮುಗಿದ ವಾರ, ಮೇಸ್ತ್ರಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು, ಮುಖದ ಅರ್ಧ ಹೋಯಿತು. ಎರಡು ತಿಂಗಳಲ್ಲಿ ಮಾತು ಮರಳಿತು, ತಡವರಿಸುತ್ತ, ಒಂದೊಂದೇ ಪದವಾಗಿ. ಬಾಯಿಯ ರುಚಿ ಮರಳಲಿಲ್ಲ. ಉಪ್ಪೂ ಸಿಹಿಯೂ ಅವನಿಗೆ ಒಂದೇ. ಮೇಸ್ತ್ರಮ್ಮ ಅವನನ್ನು ಎಬ್ಬಿಸುವುದು, ಮೀಯಿಸುವುದು, ಅನ್ನ ಹಿಸುಕಿ ಉಣ್ಣಿಸುವುದು, ಮಗ್ಗುಲು ಬದಲಿಸುವುದು ಕಲಿತಳು. ಅದಕ್ಕೂ ಗೆರೆ ತೋರಿಸುವ ಕೊಳವೆ ಬೇಕಾಗಲಿಲ್ಲ.

ಹಣ್ಣು ಬಣ್ಣ ತಿರುಗುವ ಹೊತ್ತಿಗೆ ಮಾಲೀಕ ಮನೆಗೇ ಬಂದ. ಹಿರಿಯ ಮಾಲೀಕನ ಮಗ ಇವನು. ನಲವತ್ತರ ಆಸುಪಾಸು, ಒಳ್ಳೆಯ ಮಾತಿನವನು. ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತ. "ಮೇಸ್ತ್ರಿ, ಈ ವರ್ಷ ದಿನ ಯಾರು ಹೇಳ್ತಾರೆ? ಯಾರನ್ನಾದ್ರೂ ತಯಾರು ಮಾಡಿದ್ದೀರಾ?"

ಮೇಸ್ತ್ರಿ ಗೋಡೆಯ ಕಡೆ ನೋಡಿದ. ಆಮೇಲೆ ಬಲಗೈ ಎತ್ತಿ, ಚಹಾದ ಲೋಟ ಹಿಡಿದು ನಿಂತಿದ್ದ ಹೆಂಡತಿಯ ಕಡೆ ತೋರಿಸಿದ. "ಇವಳು... ನೋಡ್ತಾಳೆ. ನಾನು ಹೇಳಿಕೊಟ್ಟಿದ್ದೀನಿ."

"ಮೇಸ್ತ್ರಮ್ಮನಿಗಾ? ಭಲೇ!" ಮಾಲೀಕ ಖುಷಿಯಿಂದಲೇ ಎದ್ದು ನಿಂತ. "ಹಾಗಾದ್ರೆ ಈ ಸಲ ಚೀಟಿ ಮೇಲೆ ನಿಮ್ಮ ಹೆಸರೇ ಹಾಕಿಸೋಣ. ಅಂದ ಹಾಗೆ, ನಿಮ್ಮ ಹೆಸರೇನಮ್ಮ?"

ಅವಳು ಹೇಳಿದಳು. ಎರಡನೆಯ ಸಲ ಹೇಳಬೇಕಾಯಿತು.

ಹೇಳಿಕೊಟ್ಟಿದ್ದೀನಿ ಎಂಬ ಮಾತು ಚುಚ್ಚಿದ್ದು ನಿಜ. ಆದರೆ ಅವಳು ಅದನ್ನು ನುಂಗಿದಳು. ಹೆಸರು ಬರುತ್ತದಲ್ಲ. ಅಂಚೆ ಕಚೇರಿಯಲ್ಲಿ ಕೆಲಸಕ್ಕಿದ್ದ ಮಗಳಿಗೆ ಫೋನು ಮಾಡಿದಾಗ ಅವಳು ಕೇಳಿದ್ದು ಒಂದೇ: "ಅಮ್ಮ, ಅಚ್ಚಿನಲ್ಲಿ ಹೆಸರು ತಪ್ಪು ಬರದ ಹಾಗೆ ಕಾಗದದಲ್ಲಿ ಬರೆದು ಕೊಟ್ಟಿದ್ದೀಯ ತಾನೇ?" ಮಾರನೆಯ ದಿನವೇ ಮೇಸ್ತ್ರಮ್ಮ ದಪ್ಪ ಅಕ್ಷರದಲ್ಲಿ ಬರೆದು ಕಳಿಸಿದಳು.

ಆದರೆ ಅವಳಿಗೆ ಸಿಕ್ಕ ವರ್ಷ ಅಂಥದ್ದು.

ಎರಡು ವರ್ಷದಿಂದ ಮಳೆ ನೆಟ್ಟಗೆ ಬಿದ್ದಿರಲಿಲ್ಲ. ಬಾವಿಯಲ್ಲಿದ್ದ ನೀರನ್ನು ಕೆಳಗಿನ ಎಳೆ ಬಳ್ಳಿಗಳಿಗೆ ಮಾತ್ರ ಬಿಡುತ್ತಿದ್ದರು. ಮೇಲಿನ ಹಳೆಯ ಬಳ್ಳಿಗಳಿಗೆ ಬೇರು ಆಳಕ್ಕಿದೆ, ಅವು ತಮ್ಮ ಪಾಡು ತಾವು ನೋಡಿಕೊಳ್ಳುತ್ತವೆ ಎಂಬ ಧೈರ್ಯ. ತೋಟದ ಒಳ್ಳೆಯ ವೈನು ಬರುತ್ತಿದ್ದದ್ದು ಆ ಮೇಲಿನ ತುಂಡಿನಿಂದಲೇ. ಆ ವರ್ಷ ಅವುಗಳ ತುದಿಯ ಕುಡಿಬಳ್ಳಿಗಳು, ಸದಾ ಏನನ್ನಾದರೂ ಹಿಡಿಯಲು ಹುಡುಕಾಡುವಂಥವು, ಒಣಗಿ ದಾರದ ಹಾಗೆ ಉದುರಿದವು. ಬುಡದ ಎಲೆ ಹಳದಿಯಾಯಿತು. ಹಣ್ಣು ಬಟಾಣಿಗಿಂತ ದೊಡ್ಡದಾಗಲಿಲ್ಲ. ಅದರ ಮೇಲೆ ಬಿಸಿಲು. ಬೆಳಗಿನ ಜಾವಕ್ಕೂ ಮನೆಯ ಗೋಡೆ ಮುಟ್ಟಿದರೆ ಬಿಸಿ ಇರುತ್ತಿತ್ತು. ರಾತ್ರಿ ತಂಪಾದರೆ ಹಣ್ಣಿನಲ್ಲಿ ಹುಳಿ ಉಳಿಯುತ್ತದೆ. ಆ ವರ್ಷ ಹುಳಿ ಬೇಗ ಇಳಿಯಿತು, ಸಕ್ಕರೆ ಏರಿತು. ಕೊಳವೆಯ ಗೆರೆ ಬೇರೆ ವರ್ಷಗಳಿಗಿಂತ ಮೂರು ವಾರ ಮೊದಲೇ ಮೇಲೆ ಬಂದು ನಿಂತಿತು.

ಸೋಮವಾರ ಬೆಳಗ್ಗೆ ಮಾಲೀಕ ಅವಳನ್ನು ಮೇಲಿನ ಸಾಲಿಗೆ ಕರೆಸಿದ. ಕೊಯ್ಯುವ ಹೆಂಗಸರ ಮುಂದಾಳು ಕತ್ತರಿಯಕ್ಕನೂ ಅಲ್ಲಿದ್ದಳು. ಕೈಯಲ್ಲಿ ಕತ್ತರಿ ಹಿಡಿದವರು ತೋಟದಲ್ಲಿ ಮೂವತ್ತು ಜನ ಇದ್ದರೂ ಬಾಯಲ್ಲೂ ಇಟ್ಟುಕೊಂಡವಳು ಅವಳೊಬ್ಬಳೇ ಆದ್ದರಿಂದ ಆ ಹೆಸರು.

"ಬನ್ನಿ ಬನ್ನಿ, ಹೊಸ ಮೇಸ್ತ್ರಿ," ಅಂದಳು ಕತ್ತರಿಯಕ್ಕ. "ನಾವೇನು ಕೈಮುಗಿಯಬೇಕಾ, ಹಾಗೇ ನಿಂತ್ಕೋಬೇಕಾ?"

"ನಿಂತ್ಕೋ ಸಾಕು. ಮಾತು ಕಡಿಮೆ ಮಾಡು."

"ಅಯ್ಯೋ, ಆಗಲೇ ಗಂಡಸಿನ ದನಿ ಬಂತು!"

ಎಲ್ಲರೂ ನಕ್ಕರು, ಮೇಸ್ತ್ರಮ್ಮನೂ ನಕ್ಕಳು. ಇಷ್ಟು ವರ್ಷದಲ್ಲಿ ಅಡುಗೆಮನೆಯ ಹೊರಗೆ, ಬಳ್ಳಿಯ ಬುಡದಲ್ಲೇ ನಿಂತು, ನಾಲ್ಕು ಜನರೆದುರು ಹಣ್ಣು ಬಾಯಿಗಿಟ್ಟದ್ದು ಅದೇ ಮೊದಲು.

ಜೇನಿನಂತೆ ಸಿಹಿ. ಸಿಪ್ಪೆ ಚರ್ಮದ ಹಾಗೆ. ಬೀಜ ಹಸಿರು.

ಇನ್ನೊಂದು ಸಾಲಿನಿಂದ ಇನ್ನೊಂದು ತಿಂದಳು. ಅದೂ ಹಸಿರು. ಗುರುವಾರ ತಿಂದಾಗಲೂ ಇದೇ ರುಚಿ, ಶನಿವಾರವೂ ಇದೇ. ಯಾವ ವರ್ಷವೂ ಬೀಜ ಎರಡು ದಿನ ಒಂದೇ ಮಾತು ಹೇಳಿದ್ದಿಲ್ಲ. ದಿನದಿಂದ ದಿನಕ್ಕೆ ಒಂದು ಕೂದಲೆಳೆಯಷ್ಟಾದರೂ ಕಂದು ಬಣ್ಣಕ್ಕೆ ತಿರುಗಬೇಕು. ಇದು ನಿಂತುಬಿಟ್ಟಿದೆ. ನಾಲಿಗೆ ಅವಳಿಗೆ ಏನನ್ನೂ ಹೇಳುತ್ತಿಲ್ಲ.

"ಗೊತ್ತಾಗ್ತಿಲ್ಲ ಸರ್" ಎಂಬ ಮಾತು ತುಟಿಯವರೆಗೆ ಬಂತು. ಮಾಲೀಕ ಕೈಕಟ್ಟಿ ಕಾಯುತ್ತಿದ್ದ. ಮೇಸ್ತ್ರಿಯಾಗಿದ್ದರೆ ಆಕಾಶ ನೋಡಿ, ನಾಳೆ ಹೇಳುತ್ತೇನೆಂದು ಮನೆಗೆ ಓಡಿ ಬರುತ್ತಿದ್ದ. ಅವಳು ಯಾರ ಬಳಿ ಓಡಬೇಕು? ಜೀವಮಾನದಲ್ಲಿ ಮೊದಲ ಸಲ ಒಬ್ಬರು ಮುಖ ಕೊಟ್ಟು ಕೇಳಿದ್ದಾರೆ. ಗೊತ್ತಿಲ್ಲ ಅಂದರೆ ನಾಳೆಯಿಂದ ಕೇಳುವುದು ಕೊಳವೆಯನ್ನೇ. ಬೀಜ ಹಸಿರಿದ್ದಾಗಲೆಲ್ಲ ಹಿಂದಿನ ಇಪ್ಪತ್ತಾರು ವರ್ಷ ಏನು ಹೇಳಿದ್ದಳೋ ಅದನ್ನೇ ಹೇಳಿದಳು.

"ಏಳು ದಿನ."

"ಏಳಾ?" ಕತ್ತರಿಯಕ್ಕ ನಗು ಬಿಟ್ಟಳು. "ಎಲೆ ಮುಟ್ಟಿ ನೋಡಿದ್ದೀರಾ ಮೇಸ್ತ್ರಮ್ಮ? ಕಾದ ಹೆಂಚಿನ ಹಾಗಿದೆ. ಏಳು ದಿನ ತಡೆಯುತ್ತಾ ಇದು?"

"ಕೊಯ್ಯೋದು ನಿನ್ನ ಕೆಲಸ. ದಿನ ಹೇಳೋದು ನನ್ನ ಕೆಲಸ."

ಇದು ಮೇಸ್ತ್ರಿ ಆಡುತ್ತಿದ್ದ ಮಾತು, ಅಕ್ಷರ ಬಿಡದೆ. ಕತ್ತರಿಯಕ್ಕ ಮುಖ ತಿರುಗಿಸಿದಳು. ಮಾಲೀಕ, "ಸರಿಯಮ್ಮ, ಏಳು ದಿನ ಅಂದ್ರೆ ಏಳು ದಿನ," ಎಂದು ಹೊರಟ. ಹೀಗೆ ಒಂದು ತೋಟ ತನ್ನ ಮಾತಿನ ಮೇಲೆ ನಿಂತದ್ದನ್ನು ಕಂಡು ಅವಳಿಗೆ ಹೆದರಿಕೆಯ ಜೊತೆಗೆ ಹೇಳಿಕೊಳ್ಳಲಾಗದಂಥ ಸುಖವೂ ಆಯಿತು. ಮನೆಗೆ ಬಂದು ಒಂದು ಹಣ್ಣನ್ನು ಹಿಸುಕಿ ಗಂಡನ ಬಾಯಿಗೆ ಇಟ್ಟಳು.

"ಏನನ್ಸುತ್ತೆ ರೀ? ನೀವಾಗಿದ್ರೆ ಏನು ಹೇಳ್ತಿದ್ರಿ?"

ಅವನು ನಾಲಿಗೆ ಹೊರಳಿಸಿ ನೋಡಿದ. ತಲೆಯಾಡಿಸಿದ. "ನಿಂಗೆ... ಗೊತ್ತು."

ಶುಕ್ರವಾರ ಪಡುವಣದಿಂದ ಗಾಳಿ ಎದ್ದಿತು. ಗಾಳಿಯಲ್ಲ, ಒಲೆಯ ಬಾಯಿ ತೆಗೆದ ಹಾಗೆ. ಒಗೆದು ಹರವಿದ ಗಂಡನ ಹಾಸಿಗೆಯ ಬಟ್ಟೆ ಹತ್ತು ನಿಮಿಷದಲ್ಲಿ ಗರಿಗರಿಯಾಯಿತು. ಮೇಸ್ತ್ರಮ್ಮ ಅದನ್ನು ಹಗ್ಗದ ಮೇಲೆಯೇ ಬಿಟ್ಟು ಕಚೇರಿಗೆ ಓಡಿದಳು. "ಇವತ್ತೇ ಕೊಯ್ಸಿ ಸರ್, ಈಗಲೇ." ಕೊಯ್ಯುವವರು ಆ ವಾರ ಬೇರೆ ತೋಟಕ್ಕೆ ಹೋಗಿದ್ದರು, ಏಳು ದಿನವಿದೆಯಲ್ಲ ಎಂದು ಮಾಲೀಕನೇ ಬಿಟ್ಟುಕೊಟ್ಟಿದ್ದ. ಅವರು ಬಂದು ಸೇರಿದ್ದು ಭಾನುವಾರ ಬೆಳಗ್ಗೆ. ಅಷ್ಟರಲ್ಲಿ ಎರಡು ದಿನ ಗಾಳಿ ಬೀಸಿಯಾಗಿತ್ತು.

ಪಡುವಣಕ್ಕೆ ಮುಖ ಮಾಡಿದ ಗೊಂಚಲುಗಳೆಲ್ಲ ಸುಕ್ಕುಗಟ್ಟಿ ಒಣದ್ರಾಕ್ಷಿಯಾಗಿದ್ದವು. ನೆರಳಿನಲ್ಲಿದ್ದವು ಮುಟ್ಟಿದರೆ ಮೆತ್ತಗೆ, ಬೇಯಿಸಿದ ಹಾಗೆ. ಇಡೀ ಸಾಲಿಗೆ ಬೆಲ್ಲ ಸೀದ ವಾಸನೆ. ಕತ್ತರಿಯಕ್ಕ ಒಂದು ಗೊಂಚಲು ಅಂಗೈಯಲ್ಲಿ ತೂಗಿ ನೋಡಿದಳು, ತೂಕವೇ ಇರಲಿಲ್ಲ. ಬಾಯಲ್ಲಿ ಕತ್ತರಿ ಇದ್ದವಳು ಅವತ್ತು ಒಂದು ಮಾತೂ ಆಡದೆ ಮೇಸ್ತ್ರಮ್ಮನ ಕೈ ಹಿಡಿದು ಬಿಟ್ಟಳು. ಆ ಮೌನಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಎಲ್ಲರೂ ಕೆಳಗಿಳಿದ ಮೇಲೂ ಮೇಸ್ತ್ರಮ್ಮ ಅಲ್ಲೇ ಉಳಿದಳು. ಸುಕ್ಕಾದ ಹಣ್ಣೊಂದನ್ನು ಬಾಯಿಗೆ ಹಾಕಿಕೊಂಡು ಬೀಜ ಉಗುಳಿ ನೋಡಿದಳು.

ಹಸಿರು. ಸೋಮವಾರ ಹೇಗಿತ್ತೋ ಹಾಗೇ.

ಅಲ್ಲೇ ಕಲ್ಲಿನ ಮೇಲೆ ಕೂತಳು. ಆಗ ಅವಳಿಗೆ ಅರ್ಥವಾಯಿತು. ನೀರಿಲ್ಲದೆ, ಬಿಸಿಲಿಗೆ ಹೆದರಿ, ಬಳ್ಳಿ ತನ್ನ ಉಸಿರನ್ನೇ ಬಿಗಿಹಿಡಿದು ಕೂತಿತ್ತು. ಮಾಗಿಸುವ ಕೆಲಸವನ್ನೇ ನಿಲ್ಲಿಸಿತ್ತು. ಸಕ್ಕರೆ ಏರಿದ್ದು ಹಣ್ಣು ಮಾಗಿದ್ದಕ್ಕಲ್ಲ, ಒಣಗಿದ್ದಕ್ಕೆ. ಏಳು ದಿನವಲ್ಲ, ಇಪ್ಪತ್ತು ದಿನ ಕಾದಿದ್ದರೂ ಬೀಜ ತಿರುಗುತ್ತಿರಲಿಲ್ಲ. ಸೋಮವಾರವೇ ಕೊಯ್ದಿದ್ದರೆ ಹಣ್ಣು ಉಳಿಯುತ್ತಿತ್ತು, ವೈನು ಮಾತ್ರ ಅವಳ ಮೊದಲ ವರ್ಷದ ಹಾಗೆ ಗಾರೆಯಾಗುತ್ತಿತ್ತು. ಆ ವರ್ಷಕ್ಕೆ ಸರಿಯಾದ ದಿನವೇ ಇರಲಿಲ್ಲ. ಹೀಗೂ ಒಂದು ವರ್ಷ ಬರಬಹುದೆಂದು ಅವಳಿಗಾಗಲಿ, ಕೊಳವೆಗಾಗಲಿ ಗೊತ್ತಿರಲಿಲ್ಲ. ಇನ್ನು ಮೇಲೆ ಇಂಥ ವರ್ಷಗಳು ಬಂದರೆ ಏನು ನೋಡಬೇಕೆಂದು ಈಗ ಗೊತ್ತು. ಎರಡು ದಿನ ಬೀಜ ಒಂದೇ ಮಾತು ಹೇಳಿದರೆ ಕಾಯಬಾರದು. ಸಿಕ್ಕಷ್ಟನ್ನು ಕೊಯ್ದು, ಬೀಜವನ್ನು ರಸದ ಜೊತೆ ಹೆಚ್ಚು ದಿನ ಬಿಡದೆ ಬೇಗ ಸೋಸಿಬಿಡಬೇಕು. ಇದನ್ನು ಮಾಲೀಕನಿಗೆ ಹೇಳಬೇಕು ಎಂದುಕೊಂಡು ಎದ್ದಳು.

ಮಾಲೀಕ ಆಗಲೇ ಮನೆಯಲ್ಲಿ, ಮಂಚದ ಪಕ್ಕದ ಅದೇ ಕುರ್ಚಿಯಲ್ಲಿ ಕೂತಿದ್ದ. ಕೂಗಾಡಲಿಲ್ಲ. ಹಣ್ಣನ್ನು ವಿನೆಗರ್ ಮಾಡುವವರಿಗೆ ಕಳಿಸುವುದಾಗಿ ಹೇಳಿದ. ಗಂಡನ ಗಲ್ಲದ ಮೇಲೆ ಜೊಲ್ಲು ಇಳಿಯುತ್ತಿತ್ತು. ಮೇಸ್ತ್ರಮ್ಮ ಟವೆಲ್ಲು ತೆಗೆದುಕೊಂಡು ಒರೆಸಲು ಬಾಗಿದಳು.

"ನಿಮ್ಮನ್ನ ಬೈಯೋಕೆ ಬಂದಿಲ್ಲಮ್ಮ," ಅಂದ ಮಾಲೀಕ. "ನಂದೇ ತಪ್ಪು. ಹೇಳಿಕೊಟ್ಟ ಮಾತ್ರಕ್ಕೆ ಬರೋ ವಿದ್ಯೆ ಅಲ್ಲ ಇದು. ಇಪ್ಪತ್ತಾರು ವರ್ಷದಲ್ಲಿ ಮೇಸ್ತ್ರಿ ಒಂದೇ ಒಂದು ಸಲ ತಪ್ಪಿರಲಿಲ್ಲ."

ಮೇಸ್ತ್ರಮ್ಮ ಗಂಡನ ಮುಖ ನೋಡಿದಳು. ಟವೆಲ್ಲು ಅವನ ಗಲ್ಲದ ಮೇಲೇ ಇತ್ತು. ಅವನ ಕಣ್ಣು ಅವಳ ಕಣ್ಣಿಗೆ ಒಂದು ಗೇಣು ದೂರದಲ್ಲಿತ್ತು. ಒಂದೇ ಮಾತು ಸಾಕಾಗಿತ್ತು. ಅದು ನಾನಲ್ಲ ಸರ್, ಇವಳು. ತಡವರಿಸಿ ಹೇಳಿದರೂ ಸಾಕಾಗಿತ್ತು.

ಮೇಸ್ತ್ರಿ ಕಣ್ಣು ತಪ್ಪಿಸಿ ಮಾಲೀಕನ ಕಡೆ ಹೊರಳಿದ. ಲಕ್ವ ಹೊಡೆದ ಮೇಲೆ ಅವನು ಇಷ್ಟು ಸ್ಪಷ್ಟವಾಗಿ ಮಾತಾಡಿದ್ದೇ ಇಲ್ಲ.

"ನಾನಾಗಿದ್ರೆ... ಸೋಮವಾರಾನೇ ಕೊಯ್ಯಿಸ್ತಿದ್ದೆ."

ಮಾಲೀಕ ಅವನ ಬಲಗೈ ಒತ್ತಿ ಎದ್ದು ಹೋದ. ಮೇಸ್ತ್ರಮ್ಮ ಗಲ್ಲ ಒರೆಸಿ ಮುಗಿಸಿದಳು. ಟವೆಲ್ಲನ್ನು ಹಿಂಡಿ ಕಂಬಿಯ ಮೇಲೆ ಹಾಕಿದಳು. ಹಗ್ಗದ ಮೇಲೆ ಶುಕ್ರವಾರದಿಂದ ಉಳಿದಿದ್ದ ಬಟ್ಟೆ ತಂದು ಮಡಚಿದಳು. ಆಮೇಲೆ ಮಂಚದ ಬಳಿ ಬಂದು ನಿಂತಳು.

"ಯಾಕೆ ಹಾಗಂದ್ರಿ?"

ಅವನು ಮುಖವನ್ನು ಗೋಡೆಯ ಕಡೆ ಹೊರಳಿಸಿದ.

"ತಪ್ಪು ಹೊತ್ಕೊಳ್ಳೋಕೆ ನಾನಿದ್ದೆ. ಹೊತ್ಕೊಂಡೆ ಬಿಡಿ. ಆ ಒಂದು ಮಾತು ಯಾಕೆ ಬೇಕಿತ್ತು?"

ಬಲಗಣ್ಣಿನಿಂದ ಮಾತ್ರ ನೀರು ಇಳಿಯಿತು. "ನಂಗೆ... ಇನ್ನೇನು ಉಳಿದಿದೆ ಹೇಳು. ಅದೂ... ನಂದಲ್ಲ ಅಂದ್ರೆ..."

ಅವಳಿಗೆ ಅರ್ಥವಾಯಿತು. ಅರ್ಥವಾದದ್ದೇ ದೊಡ್ಡ ಕಷ್ಟ. ಸಿಟ್ಟಾದರೂ ಬಂದಿದ್ದರೆ ಅದರ ಮೇಲೆ ಒಂದಿಷ್ಟು ದಿನ ನಿಲ್ಲಬಹುದಿತ್ತು. ಊಟದ ಹೊತ್ತಾಗಿತ್ತು; ಅನ್ನ ಹಿಸುಕಿ ತಂದು ಎಂದಿನ ಹಾಗೆ ಬಲಗಡೆಯಿಂದ ಒಂದೊಂದೇ ಚಮಚ ಉಣ್ಣಿಸಿದಳು.

ಸುದ್ದಿ ಕೇಳಿ ಮಗಳು ಓಡಿ ಬಂದಳು. ಚಪ್ಪಲಿಯನ್ನೂ ಬಿಚ್ಚಲಿಲ್ಲ. "ನಾನು ಹೋಗಿ ಹೇಳ್ತೀನಮ್ಮ. ಆ ಮುಚ್ಚಳ ತಂದುಕೊಡ್ತಿದ್ದವಳು ನಾನು. ನಾನೇ ಸಾಕ್ಷಿ."

"ಕೂತ್ಕೋ."

"ಯಾಕೆ ಕೂತ್ಕೋಬೇಕು?"

"ಬಹುಮಾನ ಬಂದ ವರ್ಷ ಹೇಳಿದ್ರೆ ಮಾತು. ಹಣ್ಣು ಸುಟ್ಟ ವರ್ಷ ಹೇಳಿದ್ರೆ ನೆಪ. ನೀನೇ ಅವರ ಜಾಗದಲ್ಲಿದ್ರೆ ನಂಬ್ತಿದ್ದೆಯಾ?"

ಅಳು ಬಂದದ್ದು ಮಗಳಿಗೆ. ಮೇಸ್ತ್ರಮ್ಮ ಅವಳ ಬೆನ್ನು ಸವರುತ್ತ, "ಉಂಡು ಹೋಗು, ಮಕ್ಕಳು ಕಾಯ್ತಿರ್ತಾವೆ" ಅಂದಳು. ಕಲ್ಲಿನ ಮೇಲೆ ಕೂತು ಕಂಡುಕೊಂಡದ್ದನ್ನು ಮಗಳಿಗೂ ಹೇಳಲಿಲ್ಲ. ಹೇಳಿದರೆ ಅದೂ ನೆಪದ ಹಾಗೇ ಕೇಳುತ್ತಿತ್ತು.

ಮರುವರ್ಷದಿಂದ ಹಣ್ಣು ಪಟ್ಟಣದ ಪ್ರಯೋಗಾಲಯಕ್ಕೆ ಹೋಗತೊಡಗಿತು. ಅಲ್ಲಿಂದ ದಿನ ಬರೆದ ಕಾಗದ ಬರುತ್ತಿತ್ತು. ಅಡುಗೆ ಮಾತ್ರ ಮೇಸ್ತ್ರಮ್ಮನದೇ ಇರಲಿ ಎಂದು ಮಾಲೀಕ ಹೇಳಿ ಕಳಿಸಿದ, ಅವಳ ಕೈರುಚಿ ಕೊಯ್ಯುವವರಿಗೆ ಹಿಡಿಸಿದೆಯಂತೆ. ಆ ವರ್ಷವೂ ಮಳೆ ಅಷ್ಟಕ್ಕಷ್ಟೇ. ಕೊಯ್ಲಿಗೆ ಹಿಂದಿನ ದಿನ ಕತ್ತರಿಯಕ್ಕ ಮೇಲಿನ ಸಾಲಿನ ಒಂದು ಗೊಂಚಲು ಹಿಡಿದು ಅಡುಗೆಮನೆಯ ಹಿಂಬಾಗಿಲಿಗೆ ಬಂದಳು.

"ಇದೊಂದು ನೋಡಿ ಹೇಳಿ ಮೇಸ್ತ್ರಮ್ಮ. ನಾಳೆ ಕೊಯ್ಯಿ ಅಂದಿದಾರೆ. ನಂಗ್ಯಾಕೋ ಸರಿ ಅನ್ಸಲ್ಲ."

"ಕಾಗದ ಬಂದಿದೆಯಲ್ಲ."

"ಕಾಗದಕ್ಕೇನು ಹಲ್ಲಿದೆಯಾ? ನಂಗೆ ಗೊತ್ತು ಕಣ್ರೀ. ಈ ಕಿಟಕಿ ಎದುರಿಗಿನ ಸಾಲಲ್ಲೇ ಎಷ್ಟು ವರ್ಷ ಕೊಯ್ದಿದ್ದೀನಿ ನಾನು. ಯಾರು ತಿಂದು ಯಾರಿಗೆ ಹೇಳ್ತಿದ್ರು ಅಂತ ಕಂಡಿಲ್ವಾ?"

ಈಳಿಗೆಯ ಮೇಲೆ ಮೇಸ್ತ್ರಮ್ಮನ ಕೈ ನಿಂತಿತು. ಕಂಡಿದ್ದಾಳೆ. ಇವಳೊಬ್ಬಳೇ ಏನು, ಹೆಂಗಸರೆಲ್ಲ ಕಂಡಿದ್ದಾರೆ. ಅವರನ್ನೂ ಯಾರೂ ಕೇಳಿರಲಿಲ್ಲ. ಗೊಂಚಲಿನ ಕಡ್ಡಿ ಇನ್ನೂ ಕಂದಾಗಿರಲಿಲ್ಲ, ಹಣ್ಣು ಮಾಗಿಲ್ಲವೆಂದು ದೂರದಿಂದಲೇ ಕಾಣುತ್ತಿತ್ತು. ಬಾಯಲ್ಲಿ ನೀರೂರಿತು. ನುಂಗಿಕೊಂಡಳು.

"ಅಲ್ಲಿಡು. ಮೊಮ್ಮಕ್ಕಳಿಗೆ ತೊಳೆದು ಕೊಡ್ತೀನಿ."

"ಇದನ್ನ ಮಕ್ಕಳು ತಿಂತಾವಾ? ಬರೀ ಬೀಜ."

"ಹಾಗಿದ್ರೆ ಬಿಸಾಕು."

ಕತ್ತರಿಯಕ್ಕ ಗೊಂಚಲನ್ನು ಬಿಸಾಕದೆ ಸೆರಗಿನಲ್ಲಿ ಸುತ್ತಿಕೊಂಡಳು.

"ನಾಳೆ ಎಷ್ಟು ಜನ?" ಎಂದು ಕೇಳಿದಳು ಮೇಸ್ತ್ರಮ್ಮ.

"ಮೂವತ್ತೆರಡು."

ಮೇಸ್ತ್ರಮ್ಮ ದೊಡ್ಡ ಪಾತ್ರೆಯನ್ನು ಎಳೆದುಕೊಂಡು, ಮೂವತ್ತೆರಡು ಜನಕ್ಕಾಗುವಷ್ಟು ಕಾಳು ನೆನೆಹಾಕಿದಳು.